ಅವ್ವ ತನ್ನ ಕೈ ನೋಡಿಕೊಂಡ ಮಧ್ಯಾಹ್ನ

ನಮ್ಮವ್ವ ಒಳ್ಳೆಯವಳು ಅನ್ನುವುದು ಊರಿಗೆಲ್ಲ ಗೊತ್ತಿತ್ತು. ಅವ್ವನಿಗೂ ಚೆನ್ನಾಗಿ ಗೊತ್ತಿತ್ತು. ತೊಡಕು ಶುರುವಾದದ್ದು ಆ ಎರಡನೆಯದರಿಂದ ಅಂತ ನನಗೆ ಈಗ ಅನ್ನಿಸುತ್ತದೆ. ಆಗ ನಾನು ಕೊಟ್ಟೂರಿನ ಕಾಲೇಜಿನಲ್ಲಿ ಡಿಗ್ರಿಯ ಕಡೇ ಪರೀಕ್ಷೆ ಬರೆದು, ರಿಸಲ್ಟಿಗೆ ಕಾಯುತ್ತಾ ಮನೆಯಲ್ಲಿ ಕೂತಿದ್ದೆ. ಅವ್ವನ ಒಳ್ಳೆಯತನದ ಬಗ್ಗೆ ನನಗೆ ಎರಡನೇ ಮಾತಿರಲಿಲ್ಲ. ಅವಳ ಅಡಿಗೆಯ ಬಗ್ಗೆ ಇತ್ತು, ಅದು ಬೇರೆ.

ನಮ್ಮೂರು ಕೊಟ್ಟೂರಿಗೂ ಕೂಡ್ಲಿಗಿಗೂ ನಡುವೆ, ಬಸ್ಸು ಒಂದು ಗಳಿಗೆ ನಿಂತು ಹೋಗುವಂಥ ಊರು. ಜೋಳ, ಶೇಂಗಾ ಮನೆ ಸೇರಿದ ಮೇಲೆ ಊರ ಹುಡುಗರು ಸೇರಿ ಪ್ರತಿ ವರ್ಷ ಒಂದು ನಾಟಕ ಆಡುತ್ತಿದ್ದರು. ಅಪ್ಪ ಅದಕ್ಕೆ ಹಿರಿಯ. ಇರುವೆಗೂ ದಾರಿ ಬಿಟ್ಟು ನಡೆಯುವ ಮನುಷ್ಯ, ನಾಟಕದಲ್ಲಿ ಮಾತ್ರ ಖಳನಾಯಕನ ಪಾರ್ಟನ್ನೇ ಕೇಳಿ ಹಾಕಿಸಿಕೊಳ್ಳುತ್ತಿದ್ದ. ಗಂಡಸರ ಪಾರ್ಟಿಗೆ ಜಗಳವಾಗುವಷ್ಟು ಜನ ಊರಲ್ಲೇ ಸಿಗುತ್ತಿದ್ದರು. ಹೆಣ್ಣಿನ ಪಾರ್ಟಿಗೆ ಊರ ಹೆಂಗಸರು ಯಾರೂ ಬರುತ್ತಿರಲಿಲ್ಲ, ಅದಕ್ಕೆ ಹೊರಗಿನಿಂದ ನಟಿಯನ್ನು ಕರೆಸಬೇಕಿತ್ತು. ನಮ್ಮಲ್ಲಿಗೆ ಬರುತ್ತಿದ್ದಾಕೆ ಹಗರಿಬೊಮ್ಮನಹಳ್ಳಿ ಕಡೆಯವಳು. ನಾಟಕಕ್ಕೆ ಒಂದೆರಡು ದಿನ ಮೊದಲೇ ಬಂದು, ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರರ ಎದುರು ಹುಡುಗರ ಜೊತೆ ತಾಲೀಮು ಮಾಡುತ್ತಿದ್ದಳು. ಮುಡಿ ತುಂಬ ಹಡಗಲಿ ಮಲ್ಲಿಗೆ ಮುಡಿದು ಅವಳು ತಾಲೀಮಿಗೆ ಬಂದು ನಿಂತಳೆಂದರೆ, ಅಲ್ಲಿಯತನಕ ಸಿಂಹದ ಹಾಗೆ ಗರ್ಜಿಸುತ್ತಿದ್ದ ನಮ್ಮ ಹೀರೋಗಳಿಗೆಲ್ಲ ಮಾತು ಮರೆತು ಹೋಗುತ್ತಿತ್ತು.

ರಾತ್ರಿ ಅವಳ ಹಾಡಿಗೆ ಒನ್ಸ್‌ಮೋರ್ ಕೂಗಿದ ಊರು, ಬೆಳಗಾದರೆ ಅವಳಿಗೆ ಒಂದು ಚೊಂಬು ನೀರು ಕೊಡಲು ಹಿಂದೆ ಮುಂದೆ ನೋಡುತ್ತಿತ್ತು. ಅವಳದು ನಮ್ಮವರು ಹೊಸ್ತಿಲೊಳಗೆ ಕರೆಯದ ಜಾತಿ. ಮೇಲಾಗಿ ಬಣ್ಣ ಹಚ್ಚುವ ಹೆಂಗಸು. ಮೊದಲ ವರ್ಷ ಊರ ಹಿರಿಯರು ಅವಳನ್ನೂ ಅವಳ ಸಣ್ಣ ಮಗಳನ್ನೂ ಶಾಲೆಯ ಜಗುಲಿಯ ಮೇಲೆ ಇಳಿಸಿದ್ದರು. ಬೆಳಿಗ್ಗೆ ಅಂಗಳ ಗುಡಿಸುತ್ತಿದ್ದ ಅವ್ವ, ಎದುರಿನ ಶಾಲೆಯ ಜಗುಲಿಯಲ್ಲಿ ಆಕೆ ಚಳಿಗೆ ಮಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತದ್ದನ್ನು ನೋಡಿದಳು. ಕೈಯಲ್ಲಿದ್ದ ಕಸಬರಿಗೆಯನ್ನೂ ಕೆಳಗಿಡದೆ ನೇರ ನಡೆದು ಹೋಗಿ ಅವಳ ಚೀಲ ಎತ್ತಿಕೊಂಡಳು. ದಾರಿಯಲ್ಲಿ ಹಿರಿಯರೊಬ್ಬರು ಅಡ್ಡ ಬಂದು, "ಏನಬೇ, ನಾಟಕದಾಕಿನ್ನ ಮನಿ ಹೊಗಿಸ್ತೀಯೇನು?" ಅಂತ ಕೇಳಿದರು. "ಕಸಬರಿಗಿ ಕೈಯಾಗೈತಿ, ದಾರಿ ಬಿಡ್ರಿ" ಅಂದಳಂತೆ ಅವ್ವ. ಅವರು ದಾರಿ ಬಿಟ್ಟರು.

ಅದು ನಿಜವಾದ ಧೈರ್ಯ. ಇವತ್ತಿಗೂ ನಾನು ಅದನ್ನು ಕಡಿಮೆ ಮಾಡಿ ಹೇಳಲಾರೆ. ಊರವರು ವರ್ಷಗಟ್ಟಲೆ ಅದನ್ನೇ ಆಡಿಕೊಂಡರು. ಕೆಲವರು ಬೈದು, ಕೆಲವರು ಹೊಗಳಿ. ಅವ್ವನೂ ಹೇಳುತ್ತಿದ್ದಳು. ಬಂದ ಬೀಗರಿಗೆ, ಹೊಸ ಸೊಸೆಯರಿಗೆ, ಬಳೆಗಾರನಿಗೆ. ಒಂದೊಂದು ಸಲ ಹೇಳಿದಾಗಲೂ ಕಸಬರಿಗೆ ಒಂದು ಗೇಣು ಉದ್ದವಾಗುತ್ತಿತ್ತು. ಓಣಿಯಲ್ಲಿ ಯಾರಾದರೂ ಆಳಿಗೆ ತೆಂಗಿನ ಚಿಪ್ಪಿನಲ್ಲಿ ಚಹಾ ಕೊಟ್ಟರೆಂದು ಕೇಳಿದರೆ ಅವ್ವ ಅವರ ಮನೆ ಬಾಗಿಲಿಗೇ ಹೋಗಿ ಛೀಮಾರಿ ಹಾಕಿ ಬರುತ್ತಿದ್ದಳು. ಅವಳ ಬಾಯಿಗೆ ಹೆದರಿ ಎಷ್ಟೋ ಮನೆಗಳಲ್ಲಿ ಆ ಚಿಪ್ಪುಗಳು ಮಾಯವಾದವು. ಹಾಗಾಗಿ ನಾನು ಅವಳನ್ನು ಗೇಲಿ ಮಾಡುವಾಗಲೂ ಒಳಗೊಳಗೆ ಹೆಮ್ಮೆ ಪಡುತ್ತಿದ್ದೆ.

ಆವತ್ತಿನಿಂದ ಆಕೆ ಪ್ರತಿ ವರ್ಷ ನಮ್ಮ ಮನೆಯಲ್ಲೇ ಇಳಿಯುತ್ತಿದ್ದಳು. ಪಡಸಾಲೆಯಲ್ಲಿ ಅವಳಿಗೂ ಮಗಳಿಗೂ ಅವ್ವ ಹೊಸ ಕೌದಿ ಹಾಸಿಕೊಡುತ್ತಿದ್ದಳು, ನೀರನ್ನೂ ಅಲ್ಲಿಗೇ ತಂದುಕೊಡುತ್ತಿದ್ದಳು. ಹಸಿದು ಬಂದವರು ಅಂತ ಅವರಿಗೆ ಮೊದಲು ಬಡಿಸಿ, ಅವರ ಊಟ ಮುಗಿದ ಮೇಲೆ ನಾವು ಕೂರುತ್ತಿದ್ದೆವು. ನಮ್ಮ ಕಡೆ ಬಂದವರನ್ನು ಉಪವಾಸ ಕೂರಿಸಿ ಮನೆಯವರು ಉಣ್ಣುವುದು ಮಹಾ ತಪ್ಪು. ಆಮೇಲೆ ಆಕೆಗೆ ಮಂಡಿ ನೋವು ಹೆಚ್ಚಾಗಿ ಬಣ್ಣ ಹಚ್ಚುವುದನ್ನು ಬಿಟ್ಟಳು ಅಂತ ಸುದ್ದಿ ಬಂತು. ಬೇರೆ ನಟಿಯರು ಬಂದರು. ನಾಟಕಕ್ಕೆ ಟಿ.ವಿ. ಅಡ್ಡ ಬಂತು. ಆಕೆಯ ವಿಷಯ ಅವ್ವನ ಕಸಬರಿಗೆಯ ಕಥೆಯಲ್ಲಿ ಮಾತ್ರ ಉಳಿಯಿತು.

ನಮ್ಮ ಮನೆಗೆ ಬೀದಿ ಕಡೆ ಒಂದು ಕೋಣೆ ಇದೆ. ಅದರಲ್ಲಿ ಬಾಡಿಗೆಗಿದ್ದ ಶಾಲೆಯ ಮಾಸ್ತರರು ಆ ಬೇಸಿಗೆಯಲ್ಲಿ ವರ್ಗವಾಗಿ ಹರಪನಹಳ್ಳಿ ಕಡೆ ಹೋಗಿದ್ದರು. ನೀರು, ಬಚ್ಚಲು ಎರಡೂ ಹಿತ್ತಲಲ್ಲಿ. ಕೋಣೆಯಲ್ಲಿ ಇರುವವರು ಪಡಸಾಲೆ ಹಾದು, ಅಡಿಗೆಮನೆ ಹಾದು ಹಿತ್ತಲಿಗೆ ಹೋಗಬೇಕು. ದಿನಕ್ಕೆ ಎಷ್ಟು ಕೊಡ ನೀರೋ ಅಷ್ಟು ಸಲ. ಹೆಸರಿಗೆ ಬಾಡಿಗೆಯವರು, ನಿಜಕ್ಕೂ ಮನೆಯವರೇ. ಬಾಡಿಗೆಗೆ ಯಾರನ್ನು ಇಡಬೇಕು ಅನ್ನುವುದು ಅವ್ವನ ಕಾರುಬಾರು. ಅಪ್ಪ ಅದರಲ್ಲಿ ತಲೆ ಹಾಕುತ್ತಿರಲಿಲ್ಲ.

ಊರಿಗೆ ಹೊಸ ನರ್ಸಮ್ಮ ಬರುತ್ತಾಳೆ, ಕೋಣೆ ಕೊಡುತ್ತೀರಾ ಅಂತ ಪಂಚಾಯಿತಿಯವರು ಬಂದು ಕೇಳಿದರು. ಅವರ ಮಾತು ಮುಗಿಯುವ ಮೊದಲೇ ಅವ್ವ ಒಪ್ಪಿದಳು. "ಯಾರಾದ್ರೇನು, ಹೆಣ್ಣುಮಗಳು ಬರ್ಲಿ. ಬೀದಿಗೇ ಬಾಗಲ ಐತಿ, ಬ್ಯಾನಿ ಬ್ಯಾಸರಿಕಿ ಅಂತ ಹೊತ್ತಲ್ಲದ ಹೊತ್ತಿನ್ಯಾಗ ಬರೋರಿಗೂ ಸಲೀಸು" ಅಂದಳು. ಎರಡೇ ದಿನದಲ್ಲಿ ಕೋಣೆಗೆ ಸುಣ್ಣ ಹೊಡೆಸಿದಳು. ನಾನು ಬಾಗಿಲಿಗೆ ಬಣ್ಣ ಬಳಿದೆ, ಅರ್ಧ ನನ್ನ ಮೈಗೆ.

ಅವಳು ಬಂದದ್ದು ಮುಂಜಾನೆಯ ಬಸ್ಸಿಗೆ. ಅಪ್ಪ ಮದುವೆಗೆ ಅಂತ ಹಡಗಲಿಗೆ ಹೋಗಿದ್ದ. ಒಂದು ಟ್ರಂಕು, ಒಂದು ಬ್ಯಾಗು, ಇಸ್ತ್ರಿ ಮಾಡಿದ ನೀಲಿ ಸೀರೆ. ಹೊಸ್ತಿಲ ಹೊರಗೆ ನಿಂತು, "ನಾ ಹೊಸಾ ಸಿಸ್ಟರ್ ರೀ" ಅಂದಳು. ಅವ್ವ ಬರ್ರಿ ಅನ್ನಲು ಬಾಯಿ ತೆರೆದವಳು ಹಾಗೇ ನಿಂತು ಅವಳ ಮುಖ ನೋಡಿದಳು.

"ನೀ... ನಾಟಕದಾಕಿ ಮಗಳಲ್ಲೇನವ್ವ?"

"ಹೌದ್ರಿ ಅವ್ವಾರ. ಗುರುತು ಹಿಡೀತೀರಿ ಅಂತ ನಮ್ಮವ್ವ ಹೇಳಿದ್ಲ್ರಿ."

ಅವ್ವ ಅವಳ ಕೆನ್ನೆ ಸವರಿ, ದೃಷ್ಟಿ ತೆಗೆದು ಲಟಿಕೆ ಮುರಿದಳು. ಪಡಸಾಲೆಯಲ್ಲಿ ಚಾಪೆ ಹಾಸಿ ಕೂರಿಸಿದಳು. ಮಂಡಕ್ಕಿ ಒಗ್ಗರಣೆ ಹಾಕಿದಳು, ಚಹಾ ಕಾಸಿದಳು. ನಟಿಯ ಮಂಡಿ ನೋವಿನ ಕಥೆ ಕೇಳಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅಷ್ಟರಾಗೂ ನಿನ್ನ ಓದಿಸಿದ್ಲಲ್ಲ, ಗಟ್ಟಿಗಿತ್ತಿ ಆಕಿ" ಅಂದಳು. ಆ ಕಣ್ಣೀರು ನಿಜ, ಆ ಮೆಚ್ಚುಗೆ ನಿಜ. ಇದನ್ನು ನಾನು ಒತ್ತಿ ಹೇಳುತ್ತಿದ್ದೇನೆ. ಮುಂದೆ ಆದದ್ದನ್ನು ಕೇಳಿ ಅವ್ವನನ್ನು ಕಪಟಿ ಅಂದುಕೊಂಡರೆ ನಿಮಗೆ ಇದರಲ್ಲಿ ಏನೂ ತಿಳಿಯುವುದಿಲ್ಲ.

ಚಹಾ ಮುಗಿಸಿ ಹುಡುಗಿ, "ಕೋಣಿ ನೋಡ್ಲೇನ್ರಿ ಅವ್ವಾರ?" ಅಂದಳು.

ಅವ್ವನ ಮುಖ ಗಡುಸಾಗಲಿಲ್ಲ. ಇನ್ನೂ ಮೆತ್ತಗಾಯಿತು. ಹುಡುಗಿಯ ಕೈ ಹಿಡಿದುಕೊಂಡು ಹತ್ತಿರ ಸರಿದು ಕೂತಳು.

"ಮಗಳ, ಒಂದು ಮಾತು ಹೇಳ್ತೀನಿ, ತಪ್ಪು ತಿಳ್ಕೋಬ್ಯಾಡ. ನಾ ಎಂಥಾಕಿ ಅಂಬೋದು ನಿಮ್ಮವ್ವಗ ಗೊತ್ತೈತಿ. ಈ ಊರಾಗ ಆಕಿನ್ನ ಮೊದಲು ಮನಿಗೆ ಕರಕೊಂಡು ಬಂದಾಕಿ ನಾನು."

"ಹೌದ್ರಿ."

"ಅದಕ್ಕ ಹೇಳ್ತೀನಿ. ಬ್ಯಾರೆ ಯಾರಾರ ಆಗಿದ್ರ ನಾ ಹೇಳ್ತಿದ್ದಿಲ್ಲ. ಈ ಕೋಣಿ ನಿನಗ ಆಗಿ ಬರಂಗಿಲ್ಲ. ಬೀದಿಗೇ ಬಾಗಲ ಐತಿ, ನೀ ವಯಸ್ಸಿನ ಹುಡುಗಿ. ಈ ಊರ ಗಂಡಸರು ನಿಮ್ಮವ್ವನ ನಾಟಕ ನೋಡಿದೋರು, ನಿನ್ನ ಹೆಂಗ ನೋಡ್ತಾರೋ ಏನೋ. ನಾಳಿ ಏನಾರ ಆತಂದ್ರ ನಿಮ್ಮವ್ವಗ ನಾ ಹೆಂಗ ಮುಖ ತೋರಿಸ್ಲಿ? ನಿಮ್ಮ ಮಂದಿ ಓಣ್ಯಾಗ ಒಂದು ಮನಿ ನೋಡಿಸ್ತೀನಿ. ಅಲ್ಲಾದ್ರ ನಿನಗೂ ಹಗುರ."

ಅದೇ ಬಾಗಿಲು. ವಾರದ ಹಿಂದೆ ಗುರುತಿಲ್ಲದ ನರ್ಸಮ್ಮನಿಗೆ ಅನುಕೂಲವಾಗಿದ್ದ ಬಾಗಿಲು, ಗುರುತಿನ ಹುಡುಗಿಗೆ ಅಪಾಯವಾಯಿತು. ಈ ವಿಷಯ ನನ್ನ ತಲೆಗೆ ಹೊಳೆದದ್ದು ಬಹಳ ಕಾಲದ ಮೇಲೆ. ಆ ಹೊತ್ತಿಗೆ ಅವ್ವನ ಒಂದೊಂದು ಮಾತೂ ಸರಿಯಾಗಿಯೇ ಕೇಳಿಸಿತು. ಅವಳ ದನಿಯಲ್ಲಿ ಕೃತಕವಾದದ್ದು ಒಂದು ಎಳೆಯೂ ಇರಲಿಲ್ಲ. ಆ ಹುಡುಗಿಯ ಮೇಲಿನ ಕಾಳಜಿಯಿಂದಲೇ ಆ ಹುಡುಗಿಯನ್ನು ಹೊರಗೆ ಕಳಿಸುತ್ತಿದ್ದಳು.

ಹುಡುಗಿ ತಲೆ ತಗ್ಗಿಸಿ ಸೀರೆಯ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ಸೋಮವಾರದೊಳಗ ಊರಾಗ ಮನಿ ಹಿಡಿದೀನಿ ಅಂತ ಆಸ್ಪತ್ರ್ಯಾಗ ಹೇಳ್ಬೇಕ್ರಿ. ಊರಾಗೇ ಇದ್ರ ಅಷ್ಟ ನೌಕರಿ. ಇಲ್ಲಂದ್ರ ಪಟ್ಟ್ಯಾಗ ನನ್ನ ಹಿಂದಿನಾಕಿನ್ನ ಕರೀತಾರ. ನಮ್ಮ ಮಂದಿ ಓಣ್ಯಾಗ ಒಂದೊಂದು ಮನ್ಯಾಗ ಎರಡೆರಡು ಸಂಸಾರ ಅದಾವ್ರಿ, ಬಾಡಿಗಿಗೆ ಎಲ್ಲಿಂದ ಬರಬೇಕು?"

ಅದು ಅವಳ ಮೊದಲ ನೌಕರಿ. ಅವಳ ತಾಯಿ ಊರೂರು ಅಲೆದು ಬಣ್ಣ ಹಚ್ಚಿ ಓದಿಸಿದ್ದು ಅದಕ್ಕಾಗಿಯೇ. ಅವ್ವನಿಗೆ ಇದೆಲ್ಲ ಗೊತ್ತಿತ್ತು. ಈಗಷ್ಟೇ ಅದಕ್ಕಾಗಿ ಕಣ್ಣೊರೆಸಿಕೊಂಡಿದ್ದಳು.

"ಸಿಗ್ತೈತಿ ತಗಿ, ನಾ ಹೇಳಿ ಕಳಿಸ್ತೀನಿ" ಅಂದಳು ಅವ್ವ. ಆಮೇಲೆ, ಅಷ್ಟಕ್ಕೆ ಬಿಡಬಹುದಿತ್ತು, ಬಿಡಲಿಲ್ಲ. "ನೀನಽ ಹೇಳು. ಸಣ್ಣಾಕಿ ಇದ್ದಾಗಿಂದ ಬಂದೀ. ಈ ಮನ್ಯಾಗ ನಿಮಗ ಎಂದಾರ ಭೇದ ಮಾಡೀವೇನು?"

"ಇಲ್ರಿ ಅವ್ವಾರ" ಅಂದಳು ಹುಡುಗಿ. "ನಮ್ಮವ್ವ ಈಗೂ ಹೇಳ್ತಾಳ. ಆ ಮನ್ಯಾಗ ಮನಿಯವರಿಗಿಂತ ಮೊದಲು ನಮಗ ಬಡಿಸ್ತಿದ್ರು ಅಂತ. ಒಂದು ದಿನಾನೂ ಹಿಂದ ಕುಂದ್ರಿಸಿಲ್ಲ ಅಂತ. ನಮಗಂತ ಬ್ಯಾರೆ ಗಂಗಾಳ ಇಟ್ಟಿದ್ರಿ ನೋಡ್ರಿ, ಕಂಚಿಂದು. ಅಷ್ಟು ಚಂದದ್ದು ನಿಮಗೂ ಇರಲಿಲ್ಲ, ನೀವೆಲ್ಲ ಸ್ಟೀಲಿನ್ಯಾಗ ಉಣ್ತಿದ್ರಿ."

ಚುಚ್ಚಿ ಹೇಳಿದಳೇ ಅಂತ ನಾನು ಅವಳ ಮುಖವನ್ನೇ ನೋಡಿದೆ. ಚುಚ್ಚಿರಲಿಲ್ಲ. ಕೇಳಿದ್ದಕ್ಕೆ ಇದ್ದದ್ದನ್ನು ಹೇಳಿದ್ದಳು, ಅಷ್ಟೇ. ಅವ್ವ ಆ ಹೊಗಳಿಕೆಯನ್ನು ತಲೆಯಾಡಿಸಿ ಸ್ವೀಕರಿಸಿದಳು. ಎರಡು ರೊಟ್ಟಿ, ಗುರೆಳ್ಳು ಚಟ್ನಿ ಬುತ್ತಿ ಕಟ್ಟಿಕೊಟ್ಟಳು. ಹುಡುಗಿ ಬುತ್ತಿ ತೆಗೆದುಕೊಂಡು, ಟ್ರಂಕು ಎತ್ತಿಕೊಂಡು, "ಬರ್ತೀನ್ರಿ" ಅಂತ ಹೋದಳು.

ಅವಳು ಹೋದ ಮೇಲೆ ಅವ್ವ ಹಗುರಾಗಿದ್ದಳು. ಗುಡಿಗೆ ಹೋಗಿ ಬಂದವಳ ಹಾಗೆ. ಹಳೆಯ ನಾಟಕದ ಒಂದು ಹಾಡನ್ನು ಗುನುಗುತ್ತಾ ಬೇಳೆ ಆರಿಸಿದಳು. ನಾನು ಹರಪನಹಳ್ಳಿಯಲ್ಲಿ ಟೀಚರಾಗಿ ಇಷ್ಟು ವರ್ಷ ಸ್ಟಾಫ್‌ರೂಮಿನಲ್ಲಿ ಕೂತು ಕಂಡದ್ದು ಏನೆಂದರೆ, "ನಾವು ಹಂಗೆಲ್ಲ ನೋಡೋರಲ್ಲಪ್ಪ" ಅನ್ನುವ ಮಾತು ಯಾರ ಬಾಯಿಂದ ಬಂದರೂ ಅದರ ಹಿಂದೆ ಒಂದು "ಆದ್ರೆ" ಚಪ್ಪಲಿ ಹಾಕಿಕೊಂಡು ತಯಾರಾಗಿ ನಿಂತಿರುತ್ತದೆ. ಕೆಟ್ಟವರು ಅನ್ಯಾಯ ಮಾಡುವಾಗ ಒಮ್ಮೆಯಾದರೂ ಹಿಂದೆ ತಿರುಗಿ ನೋಡುತ್ತಾರೇನೋ. ಒಳ್ಳೆಯ ಕೆಲಸ ಒಂದನ್ನು ಮಾಡಿ ಹೆಸರು ತಗೊಂಡವರಿಗೆ ಆ ಭಯವೂ ಇಲ್ಲ. ತಮ್ಮ ಮೇಲೆ ತಮಗೆ ಅಷ್ಟು ಭರವಸೆ. ಅವ್ವ ಒಮ್ಮೆ ಕಸಬರಿಗೆ ಹಿಡಿದು ಊರನ್ನೇ ಎದುರಿಸಿದ್ದಳು. ಆ ಕಸಬರಿಗೆ ತನ್ನ ಮನೆಯೊಳಗೂ ಆಡಬೇಕು ಅಂತ ಅವಳಿಗೆ ಅನ್ನಿಸಲು ಕಾರಣವೇ ಇರಲಿಲ್ಲ.

ಮಧ್ಯಾಹ್ನ ನಾನು ಉಣ್ಣಲು ಕೂತೆ. ಅವ್ವ ಗಂಗಾಳಕ್ಕೆ ಅಂತ ಪಾತ್ರೆಯ ಹಲಗೆಯ ಕಡೆ ಕೈ ಚಾಚಿದವಳು ಹಾಗೇ ನಿಂತಳು.

"ಆಕಿ ಏನಂದ್ಲಲೇ?"

"ಏನಂದ್ಲು?"

"ಬ್ಯಾರೆ ಗಂಗಾಳ ಅಂದ್ಲು."

"ಚಂದದ್ದು ಅಂದ್ಲು."

"ಚಂದದ್ದು ಹೌದು. ನಾನಽ ಕೊಟ್ಟೂರಾಗ ಆರಿಸಿ ತಂದಿದ್ದೆ, ಮಾನ ಮಾಡ್ಬೇಕಂತ." ಅವ್ವ ಮೂಲೆಯ ಗೂಡಿನ ಕಡೆ ನೋಡಿದಳು. "ಬ್ಯಾರೆ ಯಾಕ ತಂದೆ?"

ಅವ್ವ ಗೂಡಿನ ಮೇಲಿಂದ ಅದನ್ನು ಇಳಿಸಿದಳು. ಎಷ್ಟೋ ವರ್ಷ ಯಾರೂ ಮುಟ್ಟದೆ ಮಂಕಾಗಿತ್ತು. ಹುಣಸೆಹಣ್ಣು ಹಾಕಿ ಉಜ್ಜಿ ತೊಳೆದಳು, ಮಿರಿಮಿರಿ ಮಿಂಚಿತು. "ಈ ಗಂಗಾಳದಾಗ ನಮ್ಮ ಮನ್ಯಾಗ ಯಾರಾದ್ರೂ ಉಂಡೀವೇನು?" ಅಂತ ಕೇಳಿದಳು. ನನಗೆ ನೆನಪಾಗಲಿಲ್ಲ. ಹಬ್ಬದಲ್ಲಿ ಹತ್ತಾರು ಜನ ಕೂತು ಗಂಗಾಳ ಸಾಲದೆ ಮುತ್ತುಗದ ಎಲೆ ಹಚ್ಚಿದ್ದುಂಟು. ಇದನ್ನು ಮಾತ್ರ ಯಾರೂ ಇಳಿಸಿರಲಿಲ್ಲ.

ಅವ್ವ ಅದರಲ್ಲಿ ತನಗೇ ಒಂದು ರೊಟ್ಟಿ, ಪುಂಡಿ ಪಲ್ಯ ಹಾಕಿಕೊಂಡು ಒಲೆಯ ಮುಂದೆ ಕೂತಳು. ನಾನು ನನ್ನ ಸ್ಟೀಲಿನ ಗಂಗಾಳದಲ್ಲಿ ಉಣ್ಣತೊಡಗಿದೆ. ಸ್ವಲ್ಪ ಹೊತ್ತಿನ ಮೇಲೆ ಅವ್ವ ಕರೆದಳು.

"ಲೇ, ಬಾ ಇಲ್ಲಿ. ನೋಡು."

ಪಲ್ಯದಲ್ಲಿ ಏನಾದರೂ ಬಿತ್ತೇ ಅಂತ ಎದ್ದು ಹೋದೆ. ಏನೂ ಬಿದ್ದಿರಲಿಲ್ಲ. ಅವ್ವನ ಬಲಗೈ ಗಂಗಾಳದ ಮೇಲೆ, ರೊಟ್ಟಿಗೆ ಒಂದು ಬೆರಳು ದೂರದಲ್ಲಿ ನಿಂತಿತ್ತು.

"ಕೈ ಹೊಂಟಿಲ್ಲ" ಅಂದಳು.

ಅವಳ ದನಿಯಲ್ಲಿ ನಾಚಿಕೆ ಇರಲಿಲ್ಲ, ಅಳುವೂ ಇರಲಿಲ್ಲ. ಬೆರಗಿತ್ತು. ಹಿತ್ತಲಲ್ಲಿ ಅಗೆಯುವಾಗ ಏನೋ ಸಿಕ್ಕಿ, ಇದೇನು ನೋಡು ಬಾ ಅಂತ ಕರೆಯುತ್ತಾರಲ್ಲ, ಹಾಗೆ ಕರೆದಿದ್ದಳು.

"ಬಿಡಬೇ, ಈಗ ತೊಳದದ್ದೈತಲ್ಲ" ಅಂದೆ.

"ತೊಳದದ್ದು ನನಗ ಗೊತ್ತೈತಿ. ಕೈಗೆ ಗೊತ್ತಿಲ್ಲ." ಅವ್ವ ಕೈಯನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಇದು ಇಷ್ಟು ವರ್ಷ ನನ್ನ ಹತ್ರಽ ಇತ್ತು ನೋಡು. ಮಂದಿ ಮನಿಗೆ ಹೋಗಿ ಹೋಗಿ ಬೈದು ಬಂದೆ. ಇಲ್ಲಿ ಕುಂತಿತ್ತು."

ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅನ್ನುತ್ತಾರೆ. ಬೇಕಾಗುತ್ತದೆ, ಆ ಹುಣ್ಣಿಗೆ ನಾವೇ ಬಂಗಾರದ ಕಡಗ ತೊಡಿಸಿ ಮುಚ್ಚಿದ್ದರೆ. ಮೊದಲು ಬಡಿಸಿದ್ದು ಮಾನ, ಆದರೆ ಹಾಗೆ ಬಡಿಸಿದ್ದರಿಂದ ಒಂದು ದಿನವೂ ಜೊತೆಗೆ ಕೂತು ಉಣ್ಣಬೇಕಾಗಿ ಬರಲಿಲ್ಲ. ಕಂಚಿನ ಗಂಗಾಳ ಮಾನ, ಆದರೆ ಅದು ನಮ್ಮ ಗಂಗಾಳಗಳ ಜೊತೆ ಎಂದೂ ಸೇರಲಿಲ್ಲ. ಹೊಸ ಕೌದಿ ಮಾನ, ಅದನ್ನು ಹಾಸಿದ್ದು ಪಡಸಾಲೆಯಲ್ಲಿ. ಆ ಹುಡುಗಿ ಅಷ್ಟು ವರ್ಷ ಬಂದು ಹೋಗಿಯೂ ನಮ್ಮ ಅಡಿಗೆಮನೆಯ ಒಲೆ ಯಾವ ಕಡೆ ಇದೆ ಅಂತ ಕಂಡಿರಲಿಲ್ಲ. ಯಾರೂ ಕೂತು ಯೋಚಿಸಿ ಮಾಡಿದ್ದಲ್ಲ ಇದು. ಒಂದೊಂದು ಕಲ್ಲನ್ನೂ ಪ್ರೀತಿಯಿಂದ ಎತ್ತಿಟ್ಟು ಮನುಷ್ಯರು ಇಂಥ ಗೋಡೆ ಕಟ್ಟಬಲ್ಲರು, ಕಟ್ಟಿ ಅದನ್ನು ತಾವೇ ಕಾಣದೆ ಇರಬಲ್ಲರು.

ಅವ್ವ ರೊಟ್ಟಿ ಮುರಿದಳು. ಮೊದಲ ತುತ್ತು ಬಾಯಿಯ ಹತ್ತಿರ ಹೋಗಿ ನಿಂತಿತು. ಕಣ್ಣು ಮುಚ್ಚಿ ನುಂಗಿದಳು, ಔಷಧಿ ನುಂಗಿದ ಹಾಗೆ. ಎರಡನೆಯದಕ್ಕೂ ಹಾಗೇ ಆಯಿತು. ನಾನು ಎದುರಿಗೆ ಕೂತು ನೋಡುತ್ತಿದ್ದೆ, ನನ್ನ ಪಲ್ಯ ಆರಿ ತಣ್ಣಗಾಯಿತು. ಒಂದು ರೊಟ್ಟಿ ಉಣ್ಣಲು ಅವ್ವ ಅಷ್ಟು ಹೊತ್ತು ತೆಗೆದುಕೊಂಡದ್ದನ್ನು ನಾನು ಕಂಡಿಲ್ಲ. ಕೊನೆಯ ತುತ್ತಿನಲ್ಲೂ ಅವಳ ಕೈ ಪೂರ್ತಿ ಸಲೀಸಾಗಿರಲಿಲ್ಲ. ಆದರೂ ಉಂಡಳು. ಆಮೇಲೆ ನಾನು ದೊಡ್ಡ ದೊಡ್ಡವರ ಭಾಷಣ ಕೇಳಿದ್ದೇನೆ, ದೊಡ್ಡ ದೊಡ್ಡ ಮೆರವಣಿಗೆ ನೋಡಿದ್ದೇನೆ. ಒಲೆಯ ಮುಂದೆ ಕೂತು ತನ್ನ ಕೈಯ ಜೊತೆ ತಾನೇ ಜಗಳವಾಡಿದ ಆ ಹೆಂಗಸಿನಷ್ಟು ದೊಡ್ಡವರನ್ನು ಕಂಡಿಲ್ಲ. ಇದನ್ನು ಅವ್ವನ ಎದುರಿಗೆ ಎಂದೂ ಹೇಳಲಿಲ್ಲ. ಹೇಳಿದ್ದರೆ ಇನ್ನೊಂದು ಕಸಬರಿಗೆ ಕಥೆ ಆಗುತ್ತಿತ್ತು.

ಗಂಗಾಳ ತೊಳೆದು ಸ್ಟೀಲಿನವುಗಳ ಜೊತೆ ಕವುಚಿಟ್ಟಳು. ಸೀರೆ ಕೂಡ ಬದಲಿಸದೆ, ಹಿಟ್ಟು ಮೆತ್ತಿದ ಸೆರಗನ್ನೇ ತಲೆಗೆ ಎಳೆದುಕೊಂಡು, "ನಡಿಯಲೇ" ಅಂದಳು.

ಮೊದಲು ಹೋದದ್ದು ಆ ಹುಡುಗಿಯ ಮಂದಿಯ ಓಣಿಗೆ. ಅಲ್ಲಿ ಬಾಗಿಲಲ್ಲಿ ಕೂತಿದ್ದ ಮುದುಕಿಯನ್ನು ಕೇಳಿದರೆ, ಯಾವ ನರ್ಸಮ್ಮನೂ ಬಂದಿಲ್ಲ ಅಂದಳು. ಅಂಗಡಿಯವನನ್ನು ಕೇಳಿದೆವು. ಕೋಣೆ ಖಾಲಿ ಇದ್ದ ಮನೆಗಳು ಊರಲ್ಲಿ ಇನ್ನೆರಡಿದ್ದವು, ಅಲ್ಲಿಯೂ ಕೇಳಿದೆವು. ಎಲ್ಲಿಯೂ ಅವಳು ಹೋಗಿರಲಿಲ್ಲ. ಅವ್ವನ ನಡಿಗೆ ಜೋರಾಯಿತು. "ಊರಿಗೆ ಹೋಗಿಬಿಟ್ಲೋ ಏನೋ" ಅಂತ ಒಮ್ಮೆ ಅಂದಳು. ಬಿಸಿಲು ಇಳಿಯುತ್ತಿತ್ತು. ಬೆಳಗಿನಿಂದ ಎಷ್ಟೋ ಬಸ್ಸು ಬಂದು ಹೋಗಿದ್ದವು. ಹುಡುಗಿ ಅದರಲ್ಲಿ ಯಾವುದನ್ನಾದರೂ ಹತ್ತಿದ್ದರೆ ಅಲ್ಲಿಗೆ ಅವಳ ನೌಕರಿಯೂ ಹೋದ ಹಾಗೆ.

ಬಸ್‌ಸ್ಟ್ಯಾಂಡು ಅಂದರೆ ಒಂದು ಬೇವಿನ ಮರ, ಅದರ ಕೆಳಗೆ ಕಲ್ಲು ಚಪ್ಪಡಿ. ಹುಡುಗಿ ಟ್ರಂಕಿನ ಮೇಲೆ ಕೂತಿದ್ದಳು. ಬುತ್ತಿಯ ಬಟ್ಟೆಯನ್ನು ಮಡಚಿ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ನಮ್ಮನ್ನು ನೋಡಿ ಎದ್ದು ನಿಂತಳು.

ಅವ್ವ ಏದುಸಿರು ಬಿಡುತ್ತಲೇ ಹೇಳಿದಳು. "ಕೋಣಿ ನಿಂದು. ಆದ್ರ ಒಂದು ಮಾತು ಕೇಳಿ ಆಮ್ಯಾಲೆ ಬಾ. ಭೇದ ಇಲ್ಲ ಅಂತ ಮುಂಜಾನಿ ದೊಡ್ಡದಾಗಿ ಹೇಳಿದ್ನಲ್ಲ, ಅದು ಸುಳ್ಳು. ಐತಿ. ನನಗ ಇವತ್ತ ಗೊತ್ತಾತು. ನೀ ಅಡಿಗಿಮನಿ ಹಾಯ್ದು ನೀರಿಗೆ ಹೋಗುವಾಗ ಒಂದೊಂದು ದಿನ ನನ್ನ ಮುಖ ಗಂಟಾದೀತು. ನೀ ನಿಂದ್ರಬ್ಯಾಡ, ಹೋಗಿಬಿಡು. ಅದು ನನ್ನ ರೋಗ, ನಾ ನೋಡ್ಕೋತೀನಿ."

ಹುಡುಗಿ ಬುತ್ತಿಯ ಬಟ್ಟೆಯನ್ನು ಬ್ಯಾಗಿಗೆ ತುರುಕಿದಳು. ಅವಳ ಕಣ್ಣು ತುಂಬಿತ್ತು.

"ಮುಂಜಾನಿಂದ ಎಲ್ಲಿಗೆ ಹೋಗಿದ್ದಿಯವ್ವ? ಓಣಿ ಓಣಿ ಹುಡುಕಿದ್ವಿ" ಅಂದಳು ಅವ್ವ.

"ಎಲ್ಲಿಗೂ ಹೋಗಿಲ್ರಿ. ಇಲ್ಲೇ ಕುಂತೀನಿ."

"ಬ್ಯಾರೆ ಮನಿ ಕೇಳಲಿಲ್ಲೇನು?"

"ಇಲ್ರಿ. ನಮ್ಮವ್ವ ಹೇಳಿ ಕಳಿಸಿದ್ಲ್ರಿ." ಹುಡುಗಿ ಹೇಳಲೋ ಬೇಡವೋ ಅನ್ನುವ ಹಾಗೆ ನನ್ನ ಕಡೆ ಒಮ್ಮೆ ನೋಡಿದಳು. "ಆ ಅಕ್ಕ ಮೊದಲು ಒಲ್ಲೆ ಅಂತಾಳ, ಅಂದ್ರ ನೀ ವಾದ ಮಾಡಬ್ಯಾಡ ಅಂದ್ಲ್ರಿ. ಕೇಳಿದ್ದಕ್ಕ ಖರೇ ಹೇಳಿ ಎದ್ದು ಬಾ, ಬಸ್‌ಸ್ಟ್ಯಾಂಡಿನ್ಯಾಗ ಕುಂದ್ರು, ಆಕಿಗೆ ತಿಳಿಯೋದು ತಡ ಆಗ್ತೈತಿ, ತಿಳಿದ ಮ್ಯಾಲೆ ಮನ್ಯಾಗ ಕುಂದ್ರಾಕಿ ಅಲ್ಲ ಆಕಿ, ಬರ್ತಾಳ ಅಂದ್ಲ್ರಿ."

ಅವ್ವ ಕಲ್ಲು ಚಪ್ಪಡಿಯ ಮೇಲೆ ಕೂತುಬಿಟ್ಟಳು. ವರ್ಷ ವರ್ಷವೂ ಆ ಕಂಚಿನ ಗಂಗಾಳದಲ್ಲಿ ಮಗಳ ಜೊತೆ ಉಂಡು ಎದ್ದ ಆ ನಟಿ, ಆ ಗಂಗಾಳ ಏನು ಅಂತ ತಿಳಿದೇ ಉಂಡಿದ್ದಳು. ಅದರ ಆಚೆ ಬಡಿಸುತ್ತಾ ನಿಂತವಳು ಎಂಥವಳು ಅನ್ನುವುದನ್ನೂ ತಿಳಿದಿದ್ದಳು. ಒಂದು ತಿಳಿದದ್ದಕ್ಕೆ ಇನ್ನೊಂದನ್ನು ಅಳಿಸಿ ಹಾಕಿರಲಿಲ್ಲ. ತನ್ನ ಮಗಳ ಬದುಕನ್ನೇ ಆ ತಿಳಿವಳಿಕೆಯ ಮೇಲೆ ಇಟ್ಟು ಕಳಿಸಿದ್ದಳು. ನಮ್ಮ ಬಗ್ಗೆ ನಮಗೆ ಇಲ್ಲದ ತಿಳಿವಳಿಕೆ ಅದು.

"ನಾ ಬರದಿದ್ರ?" ಅಂದಳು ಅವ್ವ, ಬಹಳ ಸಣ್ಣ ದನಿಯಲ್ಲಿ.

"ಕಡೀ ಬಸ್ಸಿಗೆ ಹೊಳ್ಳಿ ಬಾ ಅಂದಿದ್ಲ್ರಿ."

ಕಡೇ ಬಸ್ಸು ದೂರದಲ್ಲಿ ಧೂಳೆಬ್ಬಿಸುತ್ತಾ ಬರುತ್ತಿತ್ತು. ಮರದ ಕೆಳಗೆ ನಿಂತಿತು. ಕಂಡಕ್ಟರು ಟ್ರಂಕು ನೋಡಿ, "ಹತ್ರಿ ಲಗೂನ" ಅಂದ. "ಯಾರೂ ಹತ್ತಂಗಿಲ್ಲಪ್ಪ, ನೀ ಹೋಗು" ಅಂದಳು ಅವ್ವ. ಬಸ್ಸು ಹೋಯಿತು. ಟ್ರಂಕಿನ ಒಂದು ಹಿಡಿ ಹುಡುಗಿಯ ಕೈಯಲ್ಲಿ, ಇನ್ನೊಂದು ಅವ್ವನ ಕೈಯಲ್ಲಿ, ಬ್ಯಾಗು ನನ್ನ ಹೆಗಲಿಗೆ. ಮೂವರೂ ಮನೆಯ ಕಡೆ ಹೊರಟೆವು.

ಶಾಲೆಯ ಹತ್ತಿರ ಬಂದಾಗ ಅವ್ವ ತಡೆಯಲಾರದೆ ಕೇಳಿದಳು. "ಅಲ್ಲವ್ವ, ನಿಮ್ಮವ್ವ ನನ್ನ ಅಷ್ಟು ಒಳ್ಳೇಕಿ ಅಂತ ತಿಳಿದಾಳೇನು?"

ಹುಡುಗಿ ಟ್ರಂಕಿನ ಹಿಡಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡಳು. "ಒಳ್ಳೇಕಿ ಅಂತ ಅಂದಿಲ್ರಿ ಅವ್ವಾರ" ಅಂದಳು. "ಬರ್ತಾಳ ಅಂದಾಳ."